ಏಳನೆಯ ಪಟ್ಟಿಯ ತುದಿ

ಸಲಾಂ ಬ್ಯಾರಿಯ ಜೀನಸಿನ ಅಂಗಡಿಯ ಎದುರು ಹಾಯಬಾರದೆಂದು ವಲೇರಿಯನ್ ಒಂಬತ್ತು ದಿನಗಳಿಂದ ಸುತ್ತುದಾರಿ ಹಿಡಿಯುತ್ತಿದ್ದ. ಪೋಸ್ಟಾಫೀಸಿನ ಹಿಂಬದಿಯ ಆ ದಾರಿಯಲ್ಲಿ ಒಂದು ನಾಯಿ ಇತ್ತು. ಮೊದಲ ಮೂರು ದಿನ ಬೊಗಳಿತ್ತು, ನಾಲ್ಕನೆಯ ದಿನ ಬರೀ ಎದ್ದು ನಿಂತಿತ್ತು, ಈಗ ಅವನನ್ನು ಕಂಡರೆ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಮಲಗಿಬಿಡುತ್ತಿತ್ತು. ತಾನು ತಲೆ ತಪ್ಪಿಸಿಕೊಂಡು ಓಡಾಡುವವನೆಂದು ನಾಯಿಗೂ ತಿಳಿದುಹೋಗಿದೆ ಎಂದು ಅವನಿಗೆ ಅನ್ನಿಸಿತು. ಅಂಗಿಯ ಕಿಸೆಯಲ್ಲಿ ನಾಲ್ಕಾಗಿ ಮಡಚಿದ ಕಂಪ್ಯೂಟರಿನ ಕಾಗದ, ಹಸಿರು ಗೆರೆಗಳದ್ದು, ನಡೆದ ಹಾಗೆ ಎದೆಗೆ ಒತ್ತುತ್ತಿತ್ತು. ಇವತ್ತು ಹನ್ನೊಂದು ಗಂಟೆಗೆ ಕಾಪುವಿನಲ್ಲಿ ಅಬ್ಬಾಸ್ ಸಾಹೇಬರ ಹೊಸ ಫೈಬರ್ ದೋಣಿಯೊಳಗೆ ನಲವತ್ತು ಮೂಟೆ ಮರಳು ಹೇರಿ ನೋಡುವುದಿತ್ತು. ನಲವತ್ತನ್ನೂ ಹೊರುತ್ತದೆ ಎಂದು ಕಾಲೇಜು ಕೊಟ್ಟ ರಿಪೋರ್ಟಿನಲ್ಲಿ ಬರೆದಿತ್ತು. ಇಪ್ಪತ್ತಾರಕ್ಕೇ ಅಂಟು ಬಿಡುತ್ತದೆ ಎಂದು ಕಿಸೆಯ ಕಾಗದ ಹೇಳುತ್ತಿತ್ತು. ಎರಡೂ ಅವನದೇ ಕೈಯ ಕೆಲಸ. ಎರಡನೆಯದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಒಳ್ಳೆಯ ಜಾಗ ಸಿಕ್ಕಿದ್ದಕ್ಕೂ ಅವನಿಗೆ ಅಳುಕಾಯಿತು. ಉಡುಪಿ ದಾಟಿ ಕಟಪಾಡಿಯ ಕಡೆಗೆ ಬಸ್ಸು ಓಡುವಾಗ ಗದ್ದೆಗಳ ಬದುಗಳು ಒಂದನ್ನೊಂದು ಅಡ್ಡ ಹಾಯ್ದು ಚೌಕ ಚೌಕವಾಗಿ ಹಿಂದೆ ಸರಿದವು. ಬದುಗಳು ಕೂಡುವ ಜಾಗಗಳಿಗೆಲ್ಲ ಅವನು ತನಗೆ ತಿಳಿಯದೆ ನಂಬರು ಹಾಕತೊಡಗಿದ್ದ. ಎರಡು ತಿಂಗಳಿಂದ ಅವನ ಕೆಲಸವೇ ಅದಾಗಿತ್ತು. ಮಣಿಪಾಲದ ಕಾಲೇಜಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ತಣ್ಣನೆಯ ಕಂಪ್ಯೂಟರ್ ಕೋಣೆಯ ಪಕ್ಕದಲ್ಲಿ ಕೂತು, ಆ ದೋಣಿಯನ್ನು ಕಾಗದದ ಮೇಲೆ ಮೀನಿನ ಬಲೆಯ ಹಾಗೆ ಬಿಡಿಸಿ, ಬಲೆಯ ಒಂದೊಂದು ಗಂಟಿಗೂ ಒಂದು ನಂಬರು ಕೊಟ್ಟು, ನಂಬರುಗಳನ್ನು ಕಾರ್ಡುಗಳಲ್ಲಿ ತೂತಾಗಿಸಿ ಯಂತ್ರಕ್ಕೆ ಉಣಿಸುವುದು. ದೋಣಿಯ ಮೈ ಒಂದು ಭಾಗ. ಅದರ ಒಳಗೆ ಪಕ್ಕೆಲುಬಿನ ಹಾಗೆ ಹನ್ನೊಂದು ಅಡ್ಡಪಟ್ಟಿಗಳು. ಅವನ್ನು ಬೇರೆಯೇ ಅಚ್ಚಿನಲ್ಲಿ ಮಾಡಿ, ಆಮೇಲೆ ಮೈಗೆ ಅಂಟಿಸುವುದು. ಪಟ್ಟಿಯ ಗಂಟು ಮೈಯ ಗಂಟಿನ ಮೇಲೆ ಕೂರುವ ಕಡೆಯಲ್ಲೆಲ್ಲ ವಲೇರಿಯನ್ ಎರಡಕ್ಕೂ ಒಂದೇ ನಂಬರು ಕೊಟ್ಟಿದ್ದ. ಹಾಗೆ ಕೊಟ್ಟರೆ ಕಾರ್ಡು ಕಡಿಮೆ ಸಾಕು, ಯಂತ್ರಕ್ಕೂ ಹೊರೆ ಕಡಿಮೆ. ಆದರೆ ಯಂತ್ರದ ಮಟ್ಟಿಗೆ ಪಟ್ಟಿಯೂ ಮೈಯೂ ಹುಟ್ಟುವಾಗಲೇ ಒಂದಾಗಿ ಹುಟ್ಟಿದವು. ನಡುವೆ ಅಂಟು ಎಂಬ ವಸ್ತುವೇ ಇಲ್ಲ. ಕಾರ್ಕಳದಲ್ಲಿ ಅವನ ಅಪ್ಪ ಕಲ್ಲು ಒಡೆಯುತ್ತಿದ್ದವರು. ಬಂಡೆಗೆ ಜೋಡಣೆ ಎಂಬುದಿಲ್ಲ. ತನಗೆ ಇದು ಹೊಳೆಯದೆ ಹೋದದ್ದು ಅದಕ್ಕೇ ಇರಬಹುದೇ ಎಂದು ಯೋಚಿಸಿ, ಸತ್ತ ಅಪ್ಪನ ಮೇಲೆ ತಪ್ಪು ಹೊರಿಸುತ್ತಿದ್ದೇನಲ್ಲ ಎಂದು ನಾಚಿಕೊಂಡ.

ಹೊಳೆದಿತ್ತು, ಹಾಗೆ ನೋಡಿದರೆ. ಹತ್ತು ವರ್ಷಗಳ ಹಿಂದೆ ಉಡುಪಿಯ ಸಂಜೆ ಕ್ಲಾಸಿನಲ್ಲಿ, ಹಗಲಿಡೀ ಬೇರೆ ಬೇರೆ ಕಡೆ ದುಡಿದು ಬಂದ ಇಪ್ಪತ್ತು ಮಂದಿಯ ನಡುವೆ ಎದ್ದು ನಿಂತು, “ಸರ್, ಮೊಳೆಗೆ ಬಲ ಉಂಟು, ಸರಿ. ಅಂಟಿನ ಬಲವನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು?” ಎಂದು ಕೇಳಿದ್ದ. ಮೇಷ್ಟ್ರು ಗಡಿಯಾರ ನೋಡಿ, “ನನಗೆ ಕಡೆಯ ಬಸ್ಸಿನ ಲೆಕ್ಕ ಮಾತ್ರ ಗೊತ್ತುಂಟು ಮಾರಾಯ,” ಎಂದಿದ್ದರು. ಕ್ಲಾಸು ಘೊಳ್ಳೆಂದಿತ್ತು. ಅವನೂ ನಕ್ಕಿದ್ದ, ಎಲ್ಲರಿಗಿಂತ ಹೆಚ್ಚೇ. ಅಂದಿನಿಂದ ಅವನ ಬಲಗೈಗೆ ಒಂದು ಅಭ್ಯಾಸ ಅಂಟಿಕೊಂಡಿತು: ಪ್ರಶ್ನೆ ಕೇಳಲು ಎದೆಯವರೆಗೆ ಏಳುವುದು, ಅಲ್ಲಿಂದ ಅಂಗಿಯ ಗುಂಡಿ ಸರಿಮಾಡಿಕೊಂಡು ಇಳಿಯುವುದು. ಈಗಲೂ ಕಂಡಕ್ಟರ್ ಹತ್ತಿರ ಬಂದಾಗ ಕೈ ಎದೆಯವರೆಗೆ ಹೋಯಿತು. “ಎಂತ ಮಾರಾಯ್ರೇ, ಎದೆನೋವಾ?” ಎಂದು ಕಂಡಕ್ಟರ್ ಕೇಳಿದ. “ಇಲ್ಲ, ಕಾಪು,” ಎಂದ ವಲೇರಿಯನ್.

ಎಲ್ಲ ಶುರುವಾದದ್ದು ಒಂದು ಅಂಚೆಚೀಟಿಯಿಂದ. ಪ್ಯಾಟ್ರಿಶಿಯಾ, ಅವನ ಹೆಂಡತಿ, ಶಾಲೆಯ ಮಕ್ಕಳಿಗೆಂದು ಬಹರೈನಿನ ಅಣ್ಣನ ಲಕೋಟೆಯಿಂದ ಚೀಟಿ ಬಿಡಿಸುತ್ತಿದ್ದಳು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಅಕ್ಕಿಹಿಟ್ಟು ಹುರಿದ ವಾಸನೆ ಮನೆಯಲ್ಲೆಲ್ಲ ತುಂಬಿತ್ತು. ಅವನು ಚೀಟಿಯ ನಡುವೆ ಉಗುರು ಹಾಕಿ ಕೆರೆದ, ಬರಲಿಲ್ಲ. “ನಡುವಿನಿಂದ ಎಂತಕ್ಕೆ? ಮೂಲೆಯಿಂದ ಎಬ್ಬಿಸಿ. ಮೂಲೆ ಎದ್ದರೆ ಮತ್ತೆ ತಾನಾಗಿ ಬರುತ್ತದೆ,” ಎಂದಳು ಅವಳು, ಎಬ್ಬಿಸಿ ತೋರಿಸಿದಳು. ಹನ್ನೊಂದು ಪಟ್ಟಿಗಳು, ಇಪ್ಪತ್ತೆರಡು ತುದಿಗಳು ಒಟ್ಟಿಗೇ ಅವನ ಕಣ್ಣೆದುರು ಎದ್ದವು. ಮನೆಯ ದೇವರ ಅಲ್ತಾರಿನಲ್ಲಿ ಮೇರಿಯಮ್ಮನ ಪ್ರತಿಮೆಯ ಪಕ್ಕ ಪ್ಯಾಟ್ರಿಶಿಯಾ ಕಂದು ಕಾಗದದ ಹೊದಿಕೆ ಹಾಕಿ ಇಟ್ಟಿದ್ದ ರಿಪೋರ್ಟನ್ನು ನೋಡಿದ. ಅದರ ಮೊದಲ ಪುಟದಲ್ಲಿ ಡಿಸೆಂಬರ್ ೧೯೮೪ ಎಂದು, ಅದರ ಮೇಲೆ ಕಾಲೇಜಿನಲ್ಲಿ ಅವನ ಮೇಲಧಿಕಾರಿ ಡಾಕ್ಟರ್ ಲೊರ್ನಾ ಮೇಡಮ್ಮಿನ ಹೆಸರು, ಅದರ ಕೆಳಗೆ ಸಣ್ಣದಾಗಿ ಅವನ ಹೆಸರು. ಮೂವತ್ತಾರು ವರ್ಷಗಳಲ್ಲಿ ಮದುವೆಯ ಕಾಗದ ಬಿಟ್ಟರೆ ಅವನ ಹೆಸರು ಅಚ್ಚು ಅಕ್ಷರದಲ್ಲಿ ಬಂದದ್ದು ಅಲ್ಲಿ ಮಾತ್ರ. ಊಟದ ಬಿಡುವಿನಲ್ಲಿ ಮೂರು ದಿನ ಕೂತು ಹೊಸ ಕಾರ್ಡುಗಳನ್ನು ಮಾಡಿದ. ಪಟ್ಟಿಯ ಗಂಟಿಗೆ ಬೇರೆ ನಂಬರು, ಮೈಯ ಗಂಟಿಗೆ ಬೇರೆ ನಂಬರು, ಎರಡರ ನಡುವೆ ಅಂಟಿನ ಬದಲಿಗೆ ಒಂದು ಸಣ್ಣ ಸ್ಪ್ರಿಂಗು. ಆದರೆ ಆ ಸ್ಪ್ರಿಂಗಿಗೆ ಎಷ್ಟು ಗಟ್ಟಿ ಎಂದು ಹೇಳುವುದು? ಎಷ್ಟಕ್ಕೆ ಹರಿಯುತ್ತದೆ ಎಂದು ಹೇಳುವುದು? ಅದಕ್ಕೆ ಸಲಾಂ ಬ್ಯಾರಿಯ ಐದು ಕಿಲೋದ ಕಬ್ಬಿಣದ ತೂಕವನ್ನು ಎರವಲು ತರಬೇಕಾಯಿತು. ಅದೀಗ ವಲೇರಿಯನನ ಬಾವಿಯಲ್ಲಿತ್ತು.

ಕಾಪುವಿನ ಶೆಡ್ಡಿಗೆ ಹತ್ತೂವರೆಗೆ ಮುಟ್ಟಿದ. ದೋಣಿ ಮರಳಿನ ಮೇಲೆ, ಹಿಂದೊಂದು ಮುಂದೊಂದು ಮರದ ಆನಿಕೆಯ ಮೇಲೆ ಕೂತಿತ್ತು, ಒಳ್ಳೆ ನೀಲಿ ಬಣ್ಣ ಹೊಡೆಸಿಕೊಂಡು. ಶುಕ್ರವಾರ ಅದು ಎರ್ಮಾಳಿಗೆ ಹೋಗುವುದು. ಅಲ್ಲಿಂದ ಆರು ಜನ ಕೂತು ಕಡಲಿಗೆ ಹೋಗುವುದು. ಆ ಆರು ಜನರನ್ನು ಅವನು ಕಂಡವನಲ್ಲ. ಆದರೆ ಬಸ್ಸಿನಲ್ಲಿ ತನ್ನ ಮುಂದೆ ಬೆನ್ನು ಹಾಕಿ ಕೂತ ಆರು ಜನರೂ ಅವರೇ ಎಂದು ದಾರಿಯುದ್ದಕ್ಕೂ ಅನ್ನಿಸಿತ್ತು.

“ಬನ್ನಿ ಪೊರ್ಬುಗಳೇ, ಬನ್ನಿ,” ಎಂದರು ಶೆಡ್ಡಿನ ಯಜಮಾನ ಅಬ್ಬಾಸ್, ಕ್ರಿಶ್ಚಿಯನ್ನರನ್ನು ಊರವರು ಕರೆಯುವ ಹಾಗೆ. ದುಬಾಯಿಯಲ್ಲಿ ಆರು ವರ್ಷ ಫೈಬರ್ ಕೆಲಸ ಕಲಿತು ಬಂದವರು. ಪ್ರತಿಯೊಂದಕ್ಕೂ ಸಂತೋಷಪಡುವ ಅವರ ಮುಖ ಕಂಡರೆ ವಲೇರಿಯನನಿಗೆ ತಪ್ಪೊಪ್ಪಿಕೊಳ್ಳುವ ಮನಸ್ಸಾಗುತ್ತಿತ್ತು. “ಮೊದಲು ಚಾ. ಆಮೇಲೆ ಮರಳು. ನಿಮ್ಮ ಕಂಪ್ಯೂಟರ್ ನಲವತ್ತು ಹೇಳಿದೆ, ನಾನು ಐವತ್ತು ಮೂಟೆ ತುಂಬಿಸಿಟ್ಟಿದ್ದೇನೆ. ಹತ್ತು ನಿಮ್ಮ ಮರ್ಯಾದೆಗೆ.”

“ಸಾಹೇಬ್ರೇ, ಒಂದು ವಿಷಯ ಉಂಟು,” ಎಂದ ವಲೇರಿಯನ್. ಕೈ ಎದೆಯವರೆಗೆ ಎದ್ದಿತು.

“ಸಕ್ಕರೆ ಕಡಿಮೆಯಾ?”

“ಇಲ್ಲ. ಸರಿಯಾಗಿ ಉಂಟು.” ಕೈ ಗುಂಡಿ ಮುಟ್ಟಿ ಇಳಿಯಿತು.

ದೋಣಿಯ ಬದಿಯಲ್ಲಿ ವಾಮನ ಆಚಾರಿ ನಿಂತಿದ್ದರು. ನಲವತ್ತು ವರ್ಷ ಮರದ ದೋಣಿ ಕಟ್ಟಿದವರು. ಮರ ಮುಗಿದು ಫೈಬರ್ ಬಂದಾಗ ಅಬ್ಬಾಸ್ ಅವರನ್ನೇ ಕೇಳಿಕೊಂಡು ಕರೆತಂದಿದ್ದರು. ಆಚಾರಿ ದೋಣಿಯ ಮೈಗೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದರು, ಜ್ವರ ನೋಡುವವರ ಹಾಗೆ. ಅವರೂ ಏನೋ ಹೇಳಲು ಬಾಯಿ ತೆರೆದ ಹಾಗೆ ಕಂಡಿತು. ಅಷ್ಟರಲ್ಲಿ ಲೊರ್ನಾ ಮೇಡಮ್ಮಿನ ಕಾರು ಬಂತು. ಮೇಡಂ ಸೀರೆಯ ಸೆರಗು ಸಿಕ್ಕಿಸಿಕೊಂಡು, ಮರಳಿನಲ್ಲಿ ಹೂತ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಂದರು. ಮನೆಯಲ್ಲಿ ಅವರದೂ ಕೊಂಕಣಿಯೇ. ಆದರೂ ಎಂಟು ವರ್ಷಗಳಿಂದ ಅವನೊಡನೆ ಅವರದು ಕಚೇರಿಯ ಕನ್ನಡ. ಅದನ್ನು ಅವನು ಒಮ್ಮೊಮ್ಮೆ ಗೌರವ ಎಂದುಕೊಳ್ಳುತ್ತಿದ್ದ, ಒಮ್ಮೊಮ್ಮೆ ದೂರ ಎಂದುಕೊಳ್ಳುತ್ತಿದ್ದ.

“ವಲೇರಿಯನ್, ನಿಮ್ಮ ಪರೀಕ್ಷೆ ಇವತ್ತು, ಅಲ್ವಾ?” ಎಂದು ನಕ್ಕರು. ಈಗ ಹೇಳಬೇಕು ಎಂದುಕೊಂಡ. ಆದರೆ ಆ ನಗು ಇನ್ನೂ ಮುಗಿದಿರಲಿಲ್ಲ. ಮುಗಿಯುವವರೆಗಾದರೂ ಕಾಯುವುದು ಮರ್ಯಾದೆ ಎಂದು ಕಾದ. ಅದು ಮುಗಿಯುವಾಗ ಹೊರುವವರು ಮೊದಲನೆಯ ಮೂಟೆ ಎತ್ತಿಯಾಗಿತ್ತು.

ಒಂದು. ಎರಡು. ಮೂಟೆ ಒಳಗೆ ಬಿದ್ದಾಗಲೆಲ್ಲ ದೋಣಿ ಹೊಟ್ಟೆಯೊಳಗಿಂದ ಹೂಂ ಎನ್ನುತ್ತಿತ್ತು. ಅಬ್ಬಾಸ್ ಗಟ್ಟಿಯಾಗಿ ಎಣಿಸುತ್ತಿದ್ದರು. ಇಪ್ಪತ್ತಾರಕ್ಕೆ ಇನ್ನೂ ದೂರ ಉಂಟು, ಹತ್ತಕ್ಕೆ ಹೇಳುತ್ತೇನೆ ಎಂದುಕೊಂಡ ವಲೇರಿಯನ್. ಐದು. ಆರು. ತನ್ನ ಕಾಗದವೇ ತಪ್ಪಿರಬಹುದು. ಯಾರು ಕೇಳಿದರು ತನ್ನನ್ನು, ಬಾವಿಯ ರಾಟೆಗೆ ಫೈಬರ್ ತುಂಡು ಕಟ್ಟಿ ಅಂಟಿನ ಬಲ ಅಳೆಯಲು? ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು, ಒಳ್ಳೆಯ ಪ್ಯಾಂಟಿನಲ್ಲೇ, ಅಂಟಿಸಿದ ಎರಡು ಪಟ್ಟಿಗಳಲ್ಲಿ ಒಂದನ್ನು ರಾಟೆಯ ಅಡ್ಡಮರಕ್ಕೆ ಬಿಗಿದು ಇನ್ನೊಂದಕ್ಕೆ ಆ ಐದು ಕಿಲೋದ ತೂಕ ತೂಗುಹಾಕಿ ಇಷ್ಟಿಷ್ಟೇ ಹೊರಗೆ ಸರಿಸಿದ್ದು, ಅಡುಗೆಮನೆಯ ಕಿಟಕಿಯಿಂದ ಪ್ಯಾಟ್ರಿಶಿಯಾ, “ಯಾವ ಮೀನು ಹಿಡಿಯುವುದು ಬಾವಿಯಲ್ಲಿ?” ಎಂದದ್ದು, ಅವನು ಅವಳ ಕಡೆ ತಿರುಗಿದ ಗಳಿಗೆಗೆ ಸರಿಯಾಗಿ ತುದಿ ಎದ್ದು, ಪಟ್ಟಿ ಸಿಪ್ಪೆಯ ಹಾಗೆ ಸುಲಿದು, ಬಾವಿಯಿಂದ ಗುಳುಂ ಎಂಬ ಒಂದು ಸದ್ದು ಮಾತ್ರ ಬಂದದ್ದು. ಹನ್ನೊಂದು. ಹತ್ತು ಯಾವಾಗ ದಾಟಿತು? ಸಲಾಂ ಬ್ಯಾರಿ ಈಗ ಐದು ಕಿಲೋ ಅಕ್ಕಿಗೆ ಎರಡು, ಎರಡು, ಒಂದು ಎಂದು ಮೂರು ತೂಕ ಇಡುತ್ತಿರಬಹುದು, ಇಡುವಾಗಲೆಲ್ಲ ಪೊರ್ಬುವನ್ನು ನೆನೆಯುತ್ತಿರಬಹುದು. ಹದಿಮೂರು. ತಾನು ಹೆದರುವುದು ದೋಣಿಗೋ, ಅಲ್ತಾರಿನ ಮೇಲಿನ ಆ ಸಣ್ಣ ಅಕ್ಷರಗಳಿಗೋ? ಈ ಪ್ರಶ್ನೆ ಬಂದದ್ದೇ ಅವನಿಗೆ ಮೈ ಬಿಸಿಯಾಯಿತು. ಯಾಕೆಂದರೆ ಉತ್ತರ ಗೊತ್ತಿತ್ತು.

ಹದಿನಾಲ್ಕನೆಯ ಮೂಟೆ ವಾರೆಯಾಗಿ ಬಿತ್ತು. ಅದನ್ನು ಸರಿಮಾಡಲು ವಾಮನ ಆಚಾರಿ ಮುಂಡು ಎತ್ತಿ ಕಟ್ಟಿ, ಬದಿಗೆ ಕೈ ಕೊಟ್ಟು, ಆ ವಯಸ್ಸಿನಲ್ಲೂ ಒಂದೇ ನೆಗೆತಕ್ಕೆ ದೋಣಿಯೊಳಗೆ ಇಳಿದುಬಿಟ್ಟರು. ಅವರ ಎರಡು ಪಾದಗಳು ಏಳನೆಯ ಪಟ್ಟಿಯ ತುದಿಯ ಮೇಲೆ ಇದ್ದವು.

“ನಿಲ್ಲಿಸಿ!” ಎಂದಿತು ಒಂದು ಸ್ವರ. ಎಲ್ಲರೂ ತನ್ನ ಕಡೆ ನೋಡಿದ ಮೇಲೆ ಅದು ತನ್ನದೆಂದು ವಲೇರಿಯನನಿಗೆ ತಿಳಿಯಿತು. ಬಲಗೈ ತಲೆಯ ಮೇಲೆ ನೆಟ್ಟಗೆ ಎದ್ದು ನಿಂತಿತ್ತು. “ಆಚಾರಿಯವರೇ, ಇಳಿಯಿರಿ. ದಯವಿಟ್ಟು ಇಳಿಯಿರಿ. ಲೆಕ್ಕ ತಪ್ಪಿದೆ. ನನ್ನ ಲೆಕ್ಕ.”

ಕಾಗದ ತೆಗೆದು ಮೇಡಮ್ಮಿನ ಕೈಗೆ ಕೊಟ್ಟ. ಬೆವರಿಗೆ ಒದ್ದೆಯಾಗಿ ಅದು ಮಡಿಕೆಯಲ್ಲಿ ಹರಿದಿತ್ತು. ಒಂದೇ ನಂಬರು ಕೊಟ್ಟದ್ದು, ಆಮೇಲೆ ಎರಡು ಕೊಟ್ಟದ್ದು, ಸ್ಪ್ರಿಂಗು ಹಾಕಿದ್ದು, ಏಳನೆಯ ಪಟ್ಟಿಯ ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಳೆತ ಬಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೇಡಂ ಬಹಳ ಹೊತ್ತು ಓದಿದರು. ಹೊರುವವರಲ್ಲಿ ಒಬ್ಬ ಬೀಡಿ ಹಚ್ಚಿದ.

“ಇದರಲ್ಲಿ ಅಂಟಿನ ಬಲ ಅಂತ ಒಂದು ಸಂಖ್ಯೆ ಉಂಟು. ಯಾವ ಪುಸ್ತಕದ್ದು?”

“ಪುಸ್ತಕದ್ದಲ್ಲ ಮೇಡಂ. ಬಾವಿಯದ್ದು.”

“ಎಂತದ್ದು?”

ಹೇಳಲೇಬೇಕಾಯಿತು. ಗುಳುಂ ಎಂಬಲ್ಲಿಗೆ ಬಂದಾಗ ಅಬ್ಬಾಸ್ ಹೊಟ್ಟೆ ಹಿಡಿದುಕೊಂಡು ಮರಳಿನ ಮೂಟೆಯ ಮೇಲೆ ಕುಕ್ಕರಿಸಿದರು. “ಯಾ ಅಲ್ಲಾ, ಸಲಾಮನ ತೂಕವಾ? ಅವನು ನನ್ನ ತಂಗಿಯ ಗಂಡ, ಪೊರ್ಬುಗಳೇ! ಅವನ ಕೈಯಿಂದ ಒಂದು ತೂಕ ಹೊರಗೆ ತಂದಿರಲ್ಲ, ನಿಮಗೆ ಅದಕ್ಕೇ ಡಾಕ್ಟರ್ ಪಟ್ಟ ಕೊಡಬೇಕು.” ಹೊರುವವರೂ ನಕ್ಕರು. ಹತ್ತು ವರ್ಷದ ಹಿಂದಿನ ಆ ಕ್ಲಾಸಿನ ನಗುವಿನ ಹಾಗೆಯೇ ಇತ್ತು ಅದು. ಆದರೆ ಯಾಕೋ ಈ ಸಲ ಅದು ಅವನ ಮೇಲೆ ಬೀಳದೆ ಸುತ್ತಲೂ ಬಿತ್ತು. ಮೇಡಂ ಮಾತ್ರ ನಗಲಿಲ್ಲ.

“ಆ ನಂಬರುಗಳನ್ನು ನಾನೂ ನೋಡಿದ್ದೆ,” ಎಂದರು ನಿಧಾನವಾಗಿ. “ಅಂಟು ಗಟ್ಟಿ ಉಂಟಲ್ಲ, ಸಾಕು ಎಂದು ಸುಮ್ಮನಿದ್ದೆ. ನೋಡಿಯೂ ಸುಮ್ಮನಿದ್ದೆ, ವಲೇರಿಯನ್.” ಕಾಗದವನ್ನು ಮಡಿಕೆ ತಪ್ಪದ ಹಾಗೆ ಮಡಚಿದರು. “ಈಗ ಯಾರೂ ಒಳಗೆ ಇಳಿಯುವುದು ಬೇಡ. ಹಲಗೆಯ ಮೇಲಿನಿಂದ ಮೂಟೆ ಜಾರಿಸಿ. ಇಪ್ಪತ್ತಾರಾ, ನಲವತ್ತಾ, ನೋಡಿಯೇ ಬಿಡುವ.”

ಹದಿನೈದು. ಹದಿನಾರು. ಈಗ ಅಬ್ಬಾಸ್ ಎಣಿಸಲಿಲ್ಲ; ಎಲ್ಲರೂ ಮನಸ್ಸಿನಲ್ಲೇ ಎಣಿಸಿದರು. ಹತ್ತೊಂಬತ್ತನೆಯ ಮೂಟೆ ಜಾರಿ ಕೂತು, ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಕ್ ಎಂದಿತು, ಒಣ ಕಡ್ಡಿ ಮುರಿದ ಹಾಗೆ. ಏಳನೆಯ ಪಟ್ಟಿಯ ತುದಿ, ಅವನು ಹೇಳಿದ ತುದಿಯೇ, ಅಂಚೆಚೀಟಿಯ ಮೂಲೆಯ ಹಾಗೆ ಎದ್ದು ನಿಂತಿತು.

ವಲೇರಿಯನನ ಬಾಯಿಂದ ಒಂದು ನಗು ಹೊರಬಂತು. ತಡೆಯಲು ಆಗಲಿಲ್ಲ. ಅಲ್ಲಿಯೇ, ಸರಿಯಾಗಿ ಅಲ್ಲಿಯೇ! ಬೇರೆಯವರ ದೋಣಿ ಬಿಟ್ಟುಕೊಂಡಾಗ ನಗುವವನು ಎಂಥವನು ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು, ಆದರೂ ಅವನ ಮುಖ ಅಗಲವಾಗುತ್ತಲೇ ಹೋಯಿತು. ಆಮೇಲೆ ಸಂಖ್ಯೆ ನೆನಪಾಯಿತು. ಇಪ್ಪತ್ತಾರು ಎಂದಿದ್ದೆ. ಇದು ಹತ್ತೊಂಬತ್ತು. ನಗು ಅರ್ಧದಲ್ಲಿ ನಿಂತಿತು.

ಮೂಟೆ ಇಳಿಸಿದ ಮೇಲೆ ಬಗ್ಗಿ ನೋಡಿದ. ಬಾವಿಯ ಕಟ್ಟೆಯಲ್ಲಿ ಸುಲಿದ ಪಟ್ಟಿಯ ಅಡಿ ಒರಟಾಗಿತ್ತು. ಅಂಟು ಅಲ್ಲಲ್ಲಿ ಕಿತ್ತು ಬಂದು ಎರಡೂ ಬದಿಗೆ ಹಂಚಿಹೋಗಿತ್ತು. ಇದರ ಅಡಿ ಕನ್ನಡಿಯ ಹಾಗೆ ನುಣ್ಣಗಿತ್ತು. ಬೆರಳಿನಿಂದ ಒರೆಸಿ ಮೂಸಿದ. ಎಲ್ಲರಿಗೂ ಗೊತ್ತಿರುವ ವಾಸನೆ. ಬೂತಾಯಿ ಮೀನಿನ ಎಣ್ಣೆ. ತಲೆ ಎತ್ತಿದಾಗ ವಾಮನ ಆಚಾರಿ ಕಡಲಿನ ಕಡೆಗೆ ನೋಡುತ್ತಿದ್ದರು.

“ಆಚಾರಿಯವರೇ,” ಎಂದ ಮೆಲ್ಲಗೆ, “ಪಟ್ಟಿಗೆ ಎಣ್ಣೆ ಕೊಟ್ಟಿದ್ದೀರಾ?”

“ಎಣ್ಣೆ ಕೊಡದೆ ಪಟ್ಟಿ ಕೂರಿಸುವುದುಂಟಾ?” ಎಂದರು ಆಚಾರಿ ಕಡಲಿಗೇ. ಆಮೇಲೆ ಸ್ವರ ಇಳಿಯಿತು. “ಬೇರೆ ಹತ್ತಕ್ಕೂ ಕೊಡಲಿಲ್ಲ. ಸಾಹೇಬ್ರು ಪಕ್ಕದಲ್ಲಿ ನಿಂತಿದ್ದರು, ನಾಚಿಕೆ ಆಯಿತು. ಏಳನೆಯದರ ದಿವಸ ಅವರು ಮದುವೆಗೆ ಹೋಗಿದ್ದರು. ನನ್ನ ಅಪ್ಪ ಒಣಗಿದ ಪಟ್ಟಿಯನ್ನು ಒಂದು ದೋಣಿಗೂ ಕೂರಿಸಿದವರಲ್ಲ. ಅಂಗೈಯಲ್ಲಿ ಒಂದಿಷ್ಟು, ಅಷ್ಟೇ. ಅದಕ್ಕೂ ಒಂದು ತೃಪ್ತಿ ಬೇಡವಾ? ಬೆಳಗ್ಗಿನಿಂದ ಹೇಳಬೇಕು, ಹೇಳಬೇಕು ಅಂತ ಇದ್ದೆ.”

“ಮರಕ್ಕೆ ಎಣ್ಣೆ, ಸರಿ. ಫೈಬರಿಗೆ ಎಣ್ಣೆ ಮುಟ್ಟಿದರೆ ಅಂಟು ಎಲ್ಲಿ ಹಿಡಿಯುತ್ತದೆ ಆಚಾರಿ? ನಾನು ಹೇಳಲಿಲ್ಲವಾ?” ಎಂದರು ಅಬ್ಬಾಸ್.

“ಮರಳು ಕಾಗದದಲ್ಲಿ ತಿಕ್ಕಲು ಹೇಳಿದಿರಿ, ತಿಕ್ಕಿದೆ. ಎಣ್ಣೆ ಬೇಡ ಅಂತ ನೀವು ಹೇಳಲಿಲ್ಲ.”

ಆರು ವರ್ಷ ಫೈಬರ್ ಕೆಲಸ ಮಾಡಿದ ಅಬ್ಬಾಸರಿಗೆ ಅದನ್ನು ಹೇಳಬೇಕೆಂದು ಹೊಳೆದಿರಲೇ ಇಲ್ಲ.

“ಸಾಯ್ಬಾ ಭೊಗೊಸ್!” ಎಂದರು ಲೊರ್ನಾ ಮೇಡಂ, ದೇವರೇ ಕ್ಷಮಿಸು ಎಂದು ಕೊಂಕಣಿಯಲ್ಲಿ ಮನೆಯ ಅಮ್ಮಂದಿರು ಹೇಳುವ ಹಾಗೆ. ಮರಳಿನ ಮೇಲೆ ಕೂತೇಬಿಟ್ಟರು. ಮೊದಲು ಅವರ ಭುಜ ಅಲುಗಿತು, ಆಮೇಲೆ ಗಟ್ಟಿಯಾಗಿ ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಮೊದಲಿಗೆ ಆಚಾರಿ ಗಂಭೀರವಾಗಿದ್ದರು. ಕೊನೆಗೆ ಅವರ ಮೀಸೆಯೂ ಅಲುಗಿತು.

ಆಚಾರಿ ದೋಣಿಯೊಳಗೆ ಬಗ್ಗಿ, ಎದ್ದು ನಿಂತ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಎಣ್ಣೆ ನನ್ನ ತಪ್ಪು, ಒಪ್ಪಿದೆ. ಆದರೆ ಇದನ್ನು ಹೀಗೆ ಮೊಂಡಾಗಿ ಕಡಿದು ಬಿಟ್ಟದ್ದು ಯಾರು? ಮರದ ಪಟ್ಟಿಯನ್ನು ನಾವು ತುದಿಗೆ ಹೋದ ಹಾಗೆ ಕೆತ್ತಿ ಕೆತ್ತಿ ಸಪೂರ ಮಾಡುತ್ತೇವೆ, ಮೀನಿನ ಬಾಲದ ಹಾಗೆ. ಆಗ ಅದು ಮೈಯ ಜೊತೆ ಬಾಗುತ್ತದೆ. ಮೊಂಡು ಬಿಟ್ಟರೆ ಮೈ ಬಾಗುವಾಗ ಇದು ಬಾಗುವುದಿಲ್ಲ, ಏಳುತ್ತದೆ.”

ವಲೇರಿಯನ್ ಅವರ ಹೆಬ್ಬೆರಳನ್ನೇ ನೋಡಿದ. ಮೂರು ದಿನ ಊಟ ಬಿಟ್ಟು, ಇನ್ನೂರು ಕಾರ್ಡು ತೂತಾಗಿಸಿ, ಒಂದು ತೂಕವನ್ನು ಬಾವಿಗೆ ಕೊಟ್ಟು ತಾನು ಕಂಡದ್ದು ಆ ಹೆಬ್ಬೆರಳಿನ ಅಡಿಯಲ್ಲಿ ಇತ್ತು. ಅವಮಾನ ಆಗಬೇಕಿತ್ತು. ಕಾದು ನೋಡಿದ, ಆಗಲಿಲ್ಲ. ಬದಲಿಗೆ ಎರಡು ಬೇರೆ ಊರಿನಿಂದ ಹೊರಟ ಬಸ್ಸುಗಳು ಕಟಪಾಡಿಯಲ್ಲಿ ಪಕ್ಕ ಪಕ್ಕ ಬಂದು ನಿಂತ ಹಾಗೆ ಏನೋ ಒಂದು ಸಮಾಧಾನ.

“ಸಪೂರ ಮಾಡಿದರೆ ಎಷ್ಟು ಮೂಟೆ ಹೊರುತ್ತದೆ, ಮೇಡಂ?” ಎಂದರು ಅಬ್ಬಾಸ್.

“ನನ್ನನ್ನು ಕೇಳಬೇಡಿ. ಅವರನ್ನು ಕೇಳಿ,” ಎಂದರು ಮೇಡಂ.

“ಗೊತ್ತಿಲ್ಲ,” ಎಂದ ವಲೇರಿಯನ್. ಅಷ್ಟು ಹಗುರವಾಗಿ ಆ ಮಾತನ್ನು ಅವನು ಯಾವತ್ತೂ ಹೇಳಿರಲಿಲ್ಲ. “ಒಂದು ವಾರ ಬೇಕು. ಆಚಾರಿಯವರು ಎಷ್ಟೆಷ್ಟು ದೂರಕ್ಕೆ ಎಷ್ಟೆಷ್ಟು ಕೆತ್ತುತ್ತಾರೆ ಎಂದು ಅಳತೆ ಬರೆದುಕೊಳ್ಳುತ್ತೇನೆ. ಹನ್ನೊಂದನ್ನೂ ಬಿಚ್ಚಿ, ಎಣ್ಣೆ ತೊಳೆದು, ತಿಕ್ಕಿ, ಮತ್ತೆ ಅಂಟಿಸಬೇಕು. ಆಮೇಲೆ ಪುನಃ ಮರಳು. ಅಲ್ಲಿಯವರೆಗೆ ದೋಣಿ ಎರ್ಮಾಳಿಗೆ ಹೋಗುವುದು ಬೇಡ.”

“ಬೇಡ ಎಂದರೆ ಬೇಡ. ಅವರಿಗೆ ನಾನೇ ಹೋಗಿ ಹೇಳುತ್ತೇನೆ,” ಎಂದರು ಅಬ್ಬಾಸ್.

ಮೇಡಂ ಮರಳು ಕೊಡವಿ ಎದ್ದರು. “ರಿಪೋರ್ಟು ಹೊಸದಾಗಿ ಟೈಪ್ ಆಗಬೇಕು. ನಿಮ್ಮ ಹೆಸರಿನ ಪಕ್ಕ ಇನ್ನೊಂದು ಹೆಸರು ಸೇರಿಸಿ,” ಎಂದರು. ಆಚಾರಿಯ ಪೂರ್ತಿ ಹೆಸರೇನೆಂದು ಕೇಳಲು ವಲೇರಿಯನ್ ತಿರುಗಿದ. ಅವರು ಆಗಲೇ ಏಳನೆಯ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಬಾಲದ ಗೆರೆ ಎಳೆಯುತ್ತಿದ್ದರು, ಒಂದೇ ಎಳೆತಕ್ಕೆ, ಅಳತೆಪಟ್ಟಿ ಇಲ್ಲದೆ. ಅವನು ಅವರ ಪಕ್ಕದಲ್ಲಿ ಮೊಣಕಾಲೂರಿ ಆ ಗೆರೆಯ ಮೇಲೆ ಚುಕ್ಕೆಗಳನ್ನು ಇಟ್ಟ. ಪಟ್ಟಿಗೆ ಒಂದು ನಂಬರು, ಮೈಗೆ ಒಂದು ನಂಬರು. “ಒಂದೇ ಜಾಗಕ್ಕೆ ಎರಡು ಎಂತಕ್ಕೆ?” ಎಂದು ಆಚಾರಿ ಕೇಳಿದರು. “ಎರಡೂ ಬೇರೆ ಬೇರೆ ಅಲ್ವಾ,” ಎಂದ ವಲೇರಿಯನ್. ಆಚಾರಿ ಸ್ವಲ್ಪ ಯೋಚಿಸಿ, “ಅದು ಹೌದು,” ಎಂದರು.

ಮಣಿಪಾಲದಲ್ಲಿ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಸುತ್ತುದಾರಿಯ ತಿರುವಿನಲ್ಲಿ ನಾಯಿ ಬಾಲ ಬಡಿಯಲು ಸಿದ್ಧವಾಗಿ ತಲೆ ಎತ್ತಿತು. ವಲೇರಿಯನ್ ಅದಕ್ಕೆ ಕೈಬೀಸಿ ನೇರ ರಸ್ತೆಯಲ್ಲಿ ನಡೆದ. ಸಲಾಂ ಬ್ಯಾರಿ ಯಾರಿಗೋ ಅಕ್ಕಿ ತೂಗುತ್ತಿದ್ದ. ಎರಡು, ಎರಡು, ಒಂದು. ಗಿರಾಕಿ ಹೋಗುವವರೆಗೂ ವಲೇರಿಯನ್ ಕಾಯಲಿಲ್ಲ.

“ಸಲಾಂ ಸಾಹೇಬ್ರೇ, ನಿಮ್ಮ ಐದು ಕಿಲೋದ ತೂಕ ನನ್ನ ಬಾವಿಯಲ್ಲಿ ಉಂಟು.”

“ಗೊತ್ತುಂಟು,” ಎಂದ ಸಲಾಂ, ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ. “ಬಿದ್ದ ದಿವಸವೇ ನಿಮ್ಮ ಪ್ಯಾಟ್ರಿಶಿಯಾ ಬಾಯಮ್ಮ ಬಂದು ಹೇಳಿದ್ದಾರೆ. ನೀವು ಹೇಳುವವರೆಗೆ ಸುಮ್ಮನಿರಿ, ಅವರಿಗೆ ಸ್ವಲ್ಪ ಸಮಯ ಬೇಕು ಅಂದರು.” ಅಕ್ಕಿಯನ್ನು ಚೀಲಕ್ಕೆ ಸುರಿದು, ಮೂರು ತೂಕಗಳನ್ನು ಒಂದರ ಮೇಲೊಂದು ಇಟ್ಟು, ಈಗ ಅವನ ಮುಖ ನೋಡಿದ. “ಒಂಬತ್ತು ದಿವಸ ಹಿಡಿಯಿತು, ಮಾರಾಯ್ರೇ. ಒಂದು ವಾರ ಅಂತ ನಾನು ಹೇಳಿದ್ದೆ, ಹತ್ತು ದಿವಸ ಅಂತ ಅವರು ಹೇಳಿದ್ದು. ಲೆಕ್ಕ ಅವರದ್ದೇ ಹತ್ತಿರ.”